ಹಬ್ಬಕ್ಕೆ ಆರಿಸಿದ ಯಂತ್ರ

ಕಂಪ್ಯೂಟರಿನ ಪವರ್ ಬಟನ್ ಮೇಲೆ ಕುಂಕುಮದ ಬೊಟ್ಟಿತ್ತು. ಕುಷ್ಟಗಿಯಲ್ಲಿ ನಾನು ಕೆಲಸಕ್ಕಿದ್ದ ದಾಳಿಂಬೆ ಮಂಡಿಯ ಇಮೇಲ್‌ಗಳೆಲ್ಲ ಬಂದು ಸೇರುತ್ತಿದ್ದುದು ಸಾಹುಕಾರರ ಕೋಣೆಯಲ್ಲಿದ್ದ ಆ ಯಂತ್ರಕ್ಕೇ. ಗಿರಾಕಿಯ ಪ್ರತಿ ಪತ್ರವನ್ನೂ ಪ್ರಿಂಟ್ ತೆಗೆಸಿ, ಕಣ್ಣಿಗೊತ್ತಿಕೊಂಡು ಆಮೇಲೆ ಓದುತ್ತಿದ್ದರು. ಇಮೇಲ್ ನೋಡಿಕೊಳ್ಳುವುದನ್ನು ಹೊರಗಿನ ಕಂಪನಿಗೆ ವಹಿಸೋಣ ಎಂದು ನಾನು ಹೇಳಿದಾಗಲೆಲ್ಲ ಮೇಜನ್ನು ಎರಡು ಸಲ ತಟ್ಟಿ, “ನಮ್ಮ ಟಪಾಲು ನಮ್ಮ ಮನ್ಯಾಗ ಇರಬೇಕು ತಂಗಿ” ಎನ್ನುತ್ತಿದ್ದರು.

ದೀಪಾವಳಿ ಅಮಾವಾಸ್ಯೆಯ ಪೂಜೆ ಮುಗಿಸಿ, ಐದು ದಿನದ ರಜೆಗೆಂದು ಆ ಯಂತ್ರವನ್ನು ಆರಿಸಲು ಕೈಚಾಚಿದರು.

“ಬ್ಯಾಡ್ರಿ ಸಾಹುಕಾರ್ರ, ಇದು ಬಂದ್ ಇದ್ರ ಬಂದ ಪತ್ರ ಇಳಿಯಾಕ ಜಾಗ ಇಲ್ದ ಕಳಿಸಿದವರಿಗೇ ತಿರುಗಿ ಹೋಗ್ತಾವ.”

“ಹಬ್ಬದಾಗ ಯಾರು ಬರೀತಾರವ್ವಾ? ಅದೂ ವರ್ಷಾನಗಟ್ಲೆ ದುಡದೈತಿ, ಮಲಗ್ಲಿ ಬಿಡು.”

ಆ ರಜೆಯಲ್ಲೇ ಚೆನ್ನೈನ ಹಳೆಯ ಗಿರಾಕಿಯೊಬ್ಬರು ಹಣ್ಣು ಬೇಕೆಂದು ಬರೆದಿದ್ದರು. ಪತ್ರ ಅವರಿಗೇ ಮರಳಿತು. ಹಣ್ಣನ್ನು ಬೇರೆ ಕಡೆ ಕೊಂಡು, ಫೋನಿನಲ್ಲಿ ಸಾಹುಕಾರರನ್ನು ಬೈದರು.

ಸಾಹುಕಾರರು ನನ್ನನ್ನು ಕರೆದರು. “ಇಂಗ್ಲಿಷಿನ್ಯಾಗ ಬರಿ. ಆಫೀಸಿನ ಹುಡುಗಿ ಮಷೀನ್ ಬಂದ್ ಮಾಡಿ ಹೋಗಿದ್ಲು, ಮಾಫ್ ಮಾಡ್ರಿ, ಅಂತ.”

ಆಫೀಸಿನಲ್ಲಿ ಹುಡುಗಿ ಅಂದರೆ ನಾನೊಬ್ಬಳೇ. ಅವರ ಮುಖ ನೋಡಿದೆ.

“ನಿನ್ನ ಹೆಸರೇನೂ ಹಾಕಾಂಗಿಲ್ಲಲ್ಲ ತಂಗಿ,” ಎಂದು ನಕ್ಕು, ನನಗೂ ಚಹಾ ಹೇಳಿದರು. ಟೈಪು ಮಾಡಿ ಕಳಿಸಿದೆ. ಚಹಾವನ್ನೂ ಕುಡಿದೆ.

ಮರುದಿನ ಬೆಳಿಗ್ಗೆ ಅವರು ಬರುವ ಮೊದಲೇ ಚೆನ್ನೈನಿಂದ ಉತ್ತರ ಬಂದಿತ್ತು: ಆ ಹುಡುಗಿ ಅಲ್ಲಿರುವತನಕ ವ್ಯವಹಾರ ಬೇಡ, ಅವಳ ಹೆಸರೇನು? ಸುಳ್ಳು ಸಾಹುಕಾರರದಾದರೂ ಅದನ್ನು ಬರೆದವಳು ನಾನೇ. ತಂದೆಯ ಹೆಸರಿನೊಂದಿಗೆ ನನ್ನ ಪೂರ್ತಿ ಹೆಸರನ್ನು ಟೈಪು ಮಾಡಿ, ಒಮ್ಮೆ ಓದಿ ನೋಡಿ, ಕಳಿಸಿದೆ.