ವಿರೋಧವನ್ನೂ ಬರೆಸಿಕೊಂಡ ಓಂಕಾರಪ್ಪನವರು

ಓಂಕಾರಪ್ಪನವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಿವಿ ಸೋರಿ ಹಾಗಾಯಿತೆಂದು ಅವರೇ ಹೇಳುತ್ತಿದ್ದರು. ಆದರೆ ಆ ಕಿವಿಯನ್ನು ಅವರು ಬಳಸುತ್ತಿದ್ದ ರೀತಿ ನೋಡಿದವರಿಗೆ ಅದು ಕೆಟ್ಟಿದ್ದೇ ಒಳ್ಳೆಯದಾಯಿತು ಅನ್ನಿಸಬೇಕು. ಪಂಚಾಯ್ತಿ ಆಫೀಸಿಗೆ ಯಾರಾದರೂ ಇನ್ನೊಬ್ಬರ ಮೇಲೆ ಚಾಡಿ ಹೇಳಲು ಬಂದರೆ ಅವರನ್ನು ತಮ್ಮ ಎಡಗಡೆಯ ಬೆಂಚಿನ ಮೇಲೆ ಕೂರಿಸುತ್ತಿದ್ದರು. ನಲ್ಲಿಯಲ್ಲಿ ನೀರು ಬರಲಿಲ್ಲ, ಬೀದಿ ದೀಪ ಉರಿಯಲಿಲ್ಲ ಎಂದು ಬಂದವರಿಗೆ ಬಲಗಡೆಯ ಕುರ್ಚಿ. ಎಡಗಡೆಯವರು ಅರ್ಧ ತಾಸು ಪಿಸುಗುಟ್ಟಿ ಮುಗಿಸಿದ ಮೇಲೆ, "ಆತು ಬಿಡ್ರಿ. ಊಟ ಆತಾ?" ಎಂದು ಕೇಳಿ ಕಳಿಸಿಬಿಡುತ್ತಿದ್ದರು. ಈ ಮರ್ಮ ನಮಗೆ ತಿಳಿಯಲು ಎರಡು ತಿಂಗಳು ಬೇಕಾಯಿತು. ತಿಳಿದ ಮೇಲೆ ಚಾಡಿ ಹೇಳುವವರೂ ಬಲಗಡೆಯ ಕುರ್ಚಿಗೇ ನುಗ್ಗತೊಡಗಿದರು, ಆ ಮಾತು ಬೇರೆ.

ಅವರು ಹೊಸದುರ್ಗದಿಂದ ನಮ್ಮ ಬೆಂಚಿಹಟ್ಟಿಗೆ ಮಂಗಳವಾರ, ಶುಕ್ರವಾರ ಮಾತ್ರ ಬರುತ್ತಿದ್ದರು. ತಾಲ್ಲೂಕು ಪಂಚಾಯ್ತಿಯಲ್ಲಿ ಅವರಿಗೆ ಬೇರೆ ಕೆಲಸವಿತ್ತು. ಕುಂಟುತ್ತಿರುವ ಮೂರು ಗ್ರಾಮ ಪಂಚಾಯ್ತಿಗಳನ್ನು ಸ್ವಲ್ಪ ದಿನ ನೋಡಿಕೊಳ್ಳಿ ಎಂದು ಜಿಲ್ಲೆಯಿಂದ ಆದೇಶವಾದಾಗ ಅವರಿಗೆ ನಮ್ಮದೂ ಸಿಕ್ಕಿತು. ಬಸ್ಸಿಳಿದವರು ಸೀದಾ ಆಫೀಸಿಗೆ ಬರುತ್ತಿರಲಿಲ್ಲ. ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕಾಗದದ ಪೊಟ್ಟಣದಿಂದ ಹುರಿದ ಶೇಂಗಾ ತಿನ್ನುತ್ತ ಮೂರೂ ಬೀದಿ ಸುತ್ತುತ್ತಿದ್ದರು. ಯಾವ ಚರಂಡಿ ಕಟ್ಟಿದೆ, ಯಾರ ಮನೆಯ ಮುಂದೆ ಬಿಂದಿಗೆಗಳು ಖಾಲಿ ನಿಂತಿವೆ ಎಂಬುದೆಲ್ಲ ಕಣ್ಣಿಗೆ ಬಿದ್ದ ಮೇಲೇ ಆಫೀಸಿನ ಮೆಟ್ಟಿಲು. "ಊರು ನೋಡದೆ ಆಫೀಸಿಗೆ ಬಂದ್ರೆ ಬರೀ ಕಾಗದ ಕಾಣ್ತೈತೆ ಅಧ್ಯಕ್ಷರೇ" ಎನ್ನುತ್ತಿದ್ದರು.

ಆ ಅಧ್ಯಕ್ಷೆ ನಾನು. ಸರೋಜಮ್ಮ ಎಂದರೆ ನಮ್ಮೂರಲ್ಲಿ ಮೊದಲು ಬ್ಲೌಸ್ ಹೊಲಿಯುವ ಸರೋಜಮ್ಮನೇ. ನಾನು ಅಧ್ಯಕ್ಷೆಯಾದದ್ದು ಚೀಟಿ ಎತ್ತಿದ್ದರಿಂದ. ನಮ್ಮದು ಹನ್ನೊಂದು ಸದಸ್ಯರ ಪಂಚಾಯ್ತಿ. ಗೆದ್ದ ತಿಂಗಳೊಳಗೇ ಒಬ್ಬರು ತೀರಿಕೊಂಡರು. ಉಳಿದ ಹತ್ತು ಜನ ಐದೈದಾಗಿ ಒಡೆದು ನಿಂತರು. ನನಗೂ ಐದು ಮತ, ರುದ್ರಣ್ಣನಿಗೂ ಐದು. ಚುನಾವಣೆ ನಡೆಸಲು ಬಂದ ಅಧಿಕಾರಿ ಎರಡು ಚೀಟಿ ಮಡಿಸಿ ಡಬ್ಬಿಗೆ ಹಾಕಿ ಒಂದನ್ನು ಎತ್ತಿಸಿದರು. ನನ್ನ ಹೆಸರು ಬಂತು.

ರುದ್ರಣ್ಣ ಅರವತ್ತು ದಾಟಿದವರು. ಕುರಿ ಮಂದೆ ಇಟ್ಟುಕೊಂಡವರು, ಮೂರು ಸಲ ಸದಸ್ಯರಾಗಿದ್ದವರು. ಊರಿನ ಏರು ತಗ್ಗು ಎಲ್ಲ ಅವರ ಕಾಲಿಗೆ ಗೊತ್ತು. "ಆ ಚೀಟಿ ಮಡಚಿದ್ದೇ ಸರಿ ಇರ್ಲಿಲ್ಲ" ಎಂದು ಎದ್ದು ಹೋದವರು ತಮ್ಮ ನಾಲ್ವರನ್ನೂ ಕರೆದುಕೊಂಡು ಹೋದರು. ಮತ್ತೆ ಸಭೆಗೆ ಬರಲೇ ಇಲ್ಲ. ಸಭೆ ನಡೆಯಬೇಕಾದರೆ ಕನಿಷ್ಠ ಆರು ಜನ ಇರಬೇಕು. ನಾವು ಐದೇ ಜನ. ನೋಟೀಸು ಕಳಿಸುವುದು, ಬಂದು ಕೂರುವುದು, ಗಡಿಯಾರ ನೋಡುವುದು, ಎದ್ದು ಹೋಗುವುದು. ಹೀಗೇ ನಡೆಯಿತು. ಇದ್ದ ಅಭಿವೃದ್ಧಿ ಅಧಿಕಾರಿಗೆ ವರ್ಗವಾಗಿ ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ.

ಇಷ್ಟರಲ್ಲಿ ಮಾರಿಕಣಿವೆ ಅಣೆಕಟ್ಟಿನ ನೀರು ನಮ್ಮ ಕಡೆಯ ಊರುಗಳಿಗೆ ಕುಡಿಯಲು ಬರುತ್ತದೆಂದು ಸುದ್ದಿಯಾಯಿತು. ನಮ್ಮ ಕೊಳವೆಬಾವಿಯ ನೀರು ಎಂಥದೆಂದು ನಮ್ಮ ಮಕ್ಕಳ ಕಂದುಗಟ್ಟಿದ ಹಲ್ಲು ನೋಡಿದರೆ ಸಾಕು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತವೆ. ಶುದ್ಧ ನೀರಿನ ಘಟಕ ಕೆಟ್ಟು ಕೂತಿತ್ತು. ಹೆಂಗಸರು ಪಕ್ಕದೂರಿನಿಂದ ಮೊಪೆಡ್ಡಿನ ಮೇಲೆ ಕ್ಯಾನು ತರುತ್ತಿದ್ದರು, ಮೊಪೆಡ್ಡಿಲ್ಲದವರು ಹೊತ್ತು ತರುತ್ತಿದ್ದರು. ಪೈಪು ಹೂಳುವ ಕೆಲಸ ನಮ್ಮ ರಸ್ತೆಯವರೆಗೂ ಬಂತು. ಆದರೆ ಟ್ಯಾಂಕು ಕಟ್ಟಲು ಜಾಗ ಕೊಡುತ್ತೇವೆಂದು ಪಂಚಾಯ್ತಿ ಸಭೆಯಲ್ಲಿ ಠರಾವು ಆಗಬೇಕು. ತಿಂಗಳ ಕೊನೆಯೊಳಗೆ ಠರಾವು ಬರದಿದ್ದರೆ ನಿಮ್ಮೂರನ್ನು ಬಿಟ್ಟು ಮುಂದೆ ಹೋಗುತ್ತೇವೆ ಎಂದು ಎಂಜಿನಿಯರು ಹೇಳಿ ಹೋದರು. ಸಭೆಗೆ ಆರು ಜನ ಎಲ್ಲಿಂದ ತರಲಿ?

ನನಗೆ ಸಾಕಾಗಿತ್ತು. ಒಂದು ಮಂಗಳವಾರ ಓಂಕಾರಪ್ಪನವರ ಬಲಗಡೆಯ ಕುರ್ಚಿಯಲ್ಲಿ ಕುಳಿತು ಕಾಗದವೊಂದನ್ನು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

"ಅಧ್ಯಕ್ಷರೇ, ಇದ್ರಾಗೆ ಏನು ಬರ್ದೀರಿ?"

"ಓದಿದ್ರಲ್ಲ ಸಾರ್. ರಾಜೀನಾಮೆ."

"ಅಲ್ಲ. ಇಲ್ಲಿ ನೋಡ್ರಿ. ಜೀಗೆ ದೀರ್ಘ ಕೊಟ್ಟಿಲ್ಲ. ರಾಜಿ ನಾಮೆ ಅಂತ ಐತೆ. ರಾಜಿ ಆಗಾಕೆ ಒಪ್ಪೀನಿ ಅಂತ ನೀವೇ ಕೈಯಾರೆ ಬರ್ದು ಸಹಿ ಮಾಡೀರಿ."

ಅಳು ಬರುತ್ತಿದ್ದ ನನಗೆ ನಗು ಬಂದುಬಿಟ್ಟಿತು. ಆಮೇಲೆ ಅಳುವೂ ಬಂತು. ಅವರು ನಾನು ಅತ್ತು ಮುಗಿಸುವವರೆಗೆ ಶೇಂಗಾ ಸುಲಿಯುತ್ತ ಕೂತಿದ್ದರು. "ನಿಜವಾಗ್ಲೂ ಬಿಡಬೇಕು ಅಂದ್ರೆ ಇದು ನನಗೆ ಕೊಡೋ ಕಾಗದ ಅಲ್ಲ. ಚಿತ್ರದುರ್ಗಕ್ಕೆ ಹೋಗಿ ಉಪವಿಭಾಗದ ಸಾಹೇಬ್ರಿಗೆ ಕೊಡಬೇಕು. ದಾರಿ ಹೇಳ್ತೀನಿ, ತಡಿಯಲ್ಲ. ಆದ್ರೆ ಅದಕ್ಕೆ ಮುಂಚೆ ಒಂದ್ಸಲ ರುದ್ರಣ್ಣನ ಮನೀಗೆ ಹೋಗಿ ಬರಾಣ."

"ಅವರು ನನ್ನ ಮುಖ ನೋಡಲ್ಲ ಸಾರ್."

"ನೋಡೋದು ಬ್ಯಾಡ. ನೀವು ಮಾತೂ ಆಡಬ್ಯಾಡ್ರಿ. ಸುಮ್ನೆ ಬರ್ರಿ."

ರುದ್ರಣ್ಣ ಕುರಿದೊಡ್ಡಿಯ ಮುಂದೆ ಮಂಚದ ಮೇಲೆ ಕೂತಿದ್ದರು. ಸಾಹೇಬರಿಗೆ ಜಾಗ ಮಾಡಿಕೊಟ್ಟರು. ನನ್ನ ಕಡೆ ತಿರುಗಲಿಲ್ಲ. ಅವರ ಹೆಂಡತಿ ಒಳಗಿಂದ ಚಾಪೆ ತಂದು ನನಗೆ ಹಾಸಿ, ಇಬ್ಬರಿಗೂ ಮಜ್ಜಿಗೆ ಕೊಟ್ಟರು.

"ಸಾಹೇಬ್ರೆ, ರಾಜಿ ಮಾಡ್ಸಾಕೆ ಬಂದಿದ್ರೆ ಮಜ್ಜಿಗೆ ಕುಡ್ದು ಹೋಗ್ಬಿಡ್ರಿ" ಎಂದರು ರುದ್ರಣ್ಣ.

"ರಾಜಿಗೆ ಬಂದಿಲ್ಲಪ್ಪ. ನಿಮ್ಮ ವಿರೋಧ ಬರ್ಕಣಾಕೆ ಬಂದೀನಿ."

ರುದ್ರಣ್ಣನಿಗೆ ಇದು ಹೊಸದು. "ಏನಂದ್ರಿ?"

"ಆ ಚೀಟಿ ಸರಿ ಇರ್ಲಿಲ್ಲ ಅಂತ ನೀವು ಊರ ತುಂಬ ಹೇಳೀರಿ. ನಡಾವಳಿ ಪುಸ್ತಕ ತೆಗ್ದು ನೋಡಿದೆ, ಒಂದಕ್ಷರ ಇಲ್ಲ. ನೀವು ಎದ್ದು ಹೋದ್ರಿ, ನಿಮ್ಮ ಸಿಟ್ಟೂ ನಿಮ್ಮ ಜೊತೆ ಎದ್ದು ಹೋತು. ಬಾಯಾಗೆ ಹೇಳಿದ್ದು ಗಾಳೀಲಿ ಹೋಗ್ತೈತೆ ರುದ್ರಣ್ಣ. ಬರ್ಸಿದ್ದು ಇರ್ತೈತೆ."

"ಬರ್ಕಳ್ರಿ ಹಂಗಾರೆ. ಹೇಳ್ತೀನಿ."

"ಇಲ್ಲಿ ಬರಿಯಾಕಾಗಲ್ಲ. ಪುಸ್ತಕ ಆಫೀಸಿನಾಗೈತೆ. ಸಭೆ ನಡೆದಾಗ್ಲೇ ಬರೀಬೇಕು."

ರುದ್ರಣ್ಣ ಗಹಗಹಿಸಿ ನಕ್ಕರು. "ಓಹೋ! ಆರನೇಯೋನು ಆಗಾಕೆ ಕರೀತಾ ಇದೀರಿ."

ನಾನು ಇನ್ನೇನು ಮುಗಿಯಿತು ಎಂದುಕೊಂಡೆ. ಓಂಕಾರಪ್ಪನವರು ಲೋಟ ಕೆಳಗಿಟ್ಟರು. "ಹೌದು. ಮುಚ್ಚಿಡಲ್ಲ. ನೀವೊಬ್ರು ಬಂದ್ರೂ ಸಭೆ ನಡೀತೈತೆ. ಬರ್ಲಿಲ್ಲ ಅಂದ್ರೆ ಇವತ್ತಲ್ಲ ನಾಳೆ ಮೇಲಿನೋರು ಆಡಳಿತಾಧಿಕಾರಿ ಹಾಕ್ತಾರೆ. ಅಧ್ಯಕ್ಷರೂ ಇರಲ್ಲ, ನಿಮ್ಮ ವಿರೋಧಾನೂ ಇರಲ್ಲ. ನನ್ನಂಥೋನು ಒಬ್ಬ ಕುಂತ್ಕಂಡು ನಿಮ್ಮೂರ ಟ್ಯಾಂಕು ಎಲ್ಲಿ ಅಂತ ಗೆರೆ ಎಳೀತಾನೆ. ನಾನು ಹೊಳಲ್ಕೆರೆ ಕಡೆಯೋನು. ನಿಮ್ಮೂರಾಗೆ ನೀರು ಎತ್ತಗೆ ಹರೀತೈತೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?"

ರುದ್ರಣ್ಣ ಎದ್ದು ಕುರಿಗಳ ಕಡೆ ಹೋದರು. ನಾವು ಎದ್ದು ಬಂದೆವು. ದಾರಿಯಲ್ಲಿ "ಬರ್ತಾರಾ ಸಾರ್?" ಎಂದು ಕೇಳಿದೆ. "ಗೊತ್ತಿಲ್ಲ ಅಧ್ಯಕ್ಷರೇ" ಎಂದರು. ಅವರ ಆ ಮಾತಿನಿಂದ ನನಗೆ ಧೈರ್ಯವೇನೂ ಬರಲಿಲ್ಲ. ಆದರೆ ಸುಳ್ಳು ಧೈರ್ಯ ಹೇಳಲಿಲ್ಲವಲ್ಲ ಎಂದು ಅವರ ಮೇಲೆ ನಂಬಿಕೆ ಬಂತು.

ನೋಟೀಸು ಮೊದಲೇ ಹೋಗಿದ್ದಂತೆ ಶುಕ್ರವಾರ ಹನ್ನೊಂದಕ್ಕೆ ಸಭೆ. ಹನ್ನೊಂದೂಕಾಲಾಯಿತು. ನಾವು ಐವರು, ಓಂಕಾರಪ್ಪನವರು, ತೆರೆದ ನಡಾವಳಿ ಪುಸ್ತಕ. ಬಾಗಿಲ ಕಡೆ ನೋಡಬಾರದೆಂದು ನಾನು ಮೇಜಿನ ಮೇಲಿನ ಒಂದು ಗೀರನ್ನೇ ನೋಡುತ್ತಿದ್ದೆ. ಚಪ್ಪಲಿ ಬಿಡುವ ಸದ್ದಾಯಿತು. ರುದ್ರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಒಬ್ಬರೇ ಬಂದರು. ಕೂತವರೇ, "ಬರ್ಕಳ್ರಿ" ಎಂದರು.

ಅವರು ಹೇಳುತ್ತ ಹೋದರು, ಓಂಕಾರಪ್ಪನವರು ಬರೆಯುತ್ತ ಹೋದರು. ಎರಡು ಪುಟ. ಚೀಟಿ ಮಡಿಸಿದ್ದು, ಡಬ್ಬಿ ಅಲ್ಲಾಡಿಸದೇ ಇದ್ದದ್ದು, ಬಟ್ಟೆ ಹೊಲಿಯುವವರಿಗೆ ಆಡಳಿತ ಬರುವುದಿಲ್ಲ ಎಂಬುದು, ಎಲ್ಲ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಬರೆದು ಮುಗಿಸಿ, ಜೋರಾಗಿ ಓದಿ ಹೇಳಿದರು. "ಸರಿ ಐತಾ?" "ಸರಿ ಐತೆ." ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಅಧ್ಯಕ್ಷರ ಸಹಿ ಬೇಕು. ನನ್ನನ್ನು ಬೈದ ಎರಡು ಪುಟದ ಕೆಳಗೆ ನಾನೇ ಸಹಿ ಮಾಡಬೇಕು. ಮಾಡಿದೆ. ತಲೆಯೆತ್ತಿದಾಗ ರುದ್ರಣ್ಣ ನನ್ನನ್ನು ನೋಡುತ್ತಿದ್ದರು. ಅಷ್ಟು ತಿಂಗಳಲ್ಲಿ ಮೊದಲ ಸಲ.

ಮುಂದಿನ ವಿಷಯ ಟ್ಯಾಂಕಿನ ಜಾಗ. ನಾವು ಐವರು ಅಂಗನವಾಡಿಯ ಪಕ್ಕದ ಖಾಲಿ ಜಾಗ ಬರೆದುಕೊಂಡು ಬಂದಿದ್ದೆವು. ಅದು ನಮ್ಮ ಬೀದಿ. ನಮಗೆ ವೋಟು ಹಾಕಿದ ಬೀದಿ.

"ಅಲ್ಲಿ ಕಟ್ಟಿದ್ರೆ ನಮ್ಮ ಮೇಲಿನ ಹಟ್ಟಿಗೆ ನೀರು ಏರಲ್ಲ" ಎಂದರು ರುದ್ರಣ್ಣ. "ಆ ಬೋರೆ ಗುಡ್ಡದ ಮ್ಯಾಲೆ ಕಟ್ಬೇಕು. ಹಳೇ ಕುರಿ ತರುಬೋ ಜಾಗ. ಸರ್ಕಾರದ್ದೇ ಐತೆ."

ಎಲ್ಲರೂ ಓಂಕಾರಪ್ಪನವರ ಮುಖ ನೋಡಿದರು. ನಾನೂ ನೋಡಿದೆ. ಅವರು ಪೆನ್ನಿನ ಟೋಪಿ ಮುಚ್ಚಿ ಕಿಟಕಿಯಾಚೆ ನೋಡುತ್ತ ಕೂತರು. ಆಗ ನನಗೆ ತಿಳಿಯಿತು, ಇದು ನಾನು ಹೇಳಬೇಕಾದ ಮಾತು. ಪಕ್ಕದಲ್ಲಿದ್ದ ನಮ್ಮ ಸದಸ್ಯೆಯೊಬ್ಬಳು ಮೊಣಕೈಯಿಂದ ತಿವಿಯುತ್ತಿದ್ದಳು.

"ಹೋಗಿ ನೋಡಾಣ ನಡೀರಿ" ಎಂದೆ.

ಆರೂ ಜನ ಉರಿಬಿಸಿಲಲ್ಲಿ ಬೋರೆ ಹತ್ತಿದೆವು. ಮೇಲೆ ನಿಂತರೆ ಮೂರೂ ಬೀದಿ, ಮೇಲಿನ ಹಟ್ಟಿ, ಶಾಲೆಯ ಹೆಂಚು ಎಲ್ಲವೂ ಕಾಲ ಕೆಳಗೇ ಇತ್ತು. ನೋಡಿದ ಯಾರಿಗೂ ವಾದ ಮಾಡಲು ಏನೂ ಉಳಿಯಲಿಲ್ಲ. ವಾಪಸು ಬಂದು, ರುದ್ರಣ್ಣ ಹೇಳಿದ ಜಾಗವನ್ನೇ ಬರೆಯಿರಿ ಎಂದೆ. ಆರು ಸಹಿ ಬಿತ್ತು. ಓಂಕಾರಪ್ಪನವರು ಪುಸ್ತಕ ಮುಚ್ಚಿ, ಬೆಳಗಿನಿಂದ ಮುಟ್ಟದೇ ಇಟ್ಟಿದ್ದ ಶೇಂಗಾ ಪೊಟ್ಟಣವನ್ನು ಆಗ ಬಿಚ್ಚಿದರು. ಅಷ್ಟು ಹೊತ್ತೂ ಅವರು ನಮಗಿಂತ ಹೆಚ್ಚು ಹೆದರಿದ್ದರು.

ಮುಂದಿನ ಸಭೆಗೆ ಉಳಿದ ನಾಲ್ವರೂ ಬಂದರು. ರುದ್ರಣ್ಣ ಇವತ್ತಿಗೂ ಸಭೆಯಲ್ಲಿ ನನ್ನನ್ನು ವಿರೋಧಿಸುತ್ತಾರೆ. ಬರೆಸುತ್ತಾರೆ ಕೂಡ. ಆದರೆ ತಪ್ಪಿಸಿಕೊಳ್ಳುವುದಿಲ್ಲ.

ಟ್ಯಾಂಕು ಏಳಲು ವರ್ಷವೇ ಹಿಡಿಯಿತು. ನೀರು ಬರುವ ಹಿಂದಿನ ದಿನ ಓಂಕಾರಪ್ಪನವರನ್ನು ಕರೆಯಲು ಹೊಸದುರ್ಗಕ್ಕೆ ಹೋಗಿದ್ದೆ. ಅಷ್ಟರಲ್ಲಿ ನಮಗೆ ಕಾಯಂ ಅಧಿಕಾರಿ ಬಂದಿದ್ದರಿಂದ ಅವರು ನಮ್ಮೂರಿಗೆ ಬರುವುದು ನಿಂತಿತ್ತು. "ನಾನು ಬ್ಯಾಡ" ಎಂದರು. "ನಾನು ಬಂದು ನಿಂತ್ರೆ ಸಾಹೇಬ್ರು ತಂದ ನೀರು ಅಂತಾರೆ. ನೀವು ತಂದಿದ್ದು." ಬರಲೇ ಇಲ್ಲ. ಬೋರೆಯಿಂದ ಇಳಿದ ನೀರು ಮೇಲಿನ ಹಟ್ಟಿಯ ಕೊನೆಯ ನಲ್ಲಿಯಲ್ಲಿ ಸುರಿದಾಗ ರುದ್ರಣ್ಣನ ಹೆಂಡತಿ ಮೊದಲ ಬಿಂದಿಗೆ ಹಿಡಿದರು. ನಾನು ಬೊಗಸೆಯೊಡ್ಡಿ ಕುಡಿದೆ. ಎದೆಯ ಮೇಲಿಂದ ಕಲ್ಲೊಂದನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

ಕಡೆಯ ಸಲ ಅವರನ್ನು ಕಂಡದ್ದು ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ. ಆಗ ಅವರನ್ನು ಹಿರಿಯೂರಿನ ಕಡೆಯ ಒಂದು ಪಂಚಾಯ್ತಿಗೆ ಹಾಕಿದ್ದರು. "ಅಲ್ಲೊಬ್ರು ಅಧ್ಯಕ್ಷರು ಅದಾರೆ. ಮೂರು ತಿಂಗ್ಳಿಂದ ಆಫೀಸಿನ ಬಾಗ್ಲು ತೆಗ್ದಿಲ್ಲ. ನಾನು ಹೇಳಿದ್ರೆ ಸರ್ಕಾರ ಹೇಳ್ದಂಗಾಗ್ತೈತೆ. ಶುಕ್ರವಾರ ನೀವೊಮ್ಮೆ ಬಂದು ಹೋಗ್ರಿ" ಎಂದರು.

ಹೋದೆ. ಓಂಕಾರಪ್ಪನವರು ಅಲ್ಲಿರಲಿಲ್ಲ. "ಸಾಹೇಬ್ರು ಫೋನ್ ಮಾಡಿದ್ರು. ಇವತ್ತು ನಾನು ಬರಲ್ಲ, ಬೆಂಚಿಹಟ್ಟಿ ಅಧ್ಯಕ್ಷರು ಬರ್ತಾರೆ ಅಂದ್ರು" ಎಂದಳು ಅಲ್ಲಿನ ಅಧ್ಯಕ್ಷೆ. ಅವಳ ಮನೆಯ ಜಗಲಿಯ ಮೇಲೆ ಕೂತೆವು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳೇ ಮಾತಾಡಿದಳು, ನಾನು ಕೇಳಿದೆ. ಅವಳ ಊರಿನ ಜಗಳವೇ ಬೇರೆ, ಜನವೇ ಬೇರೆ. ನನ್ನ ಬಳಿ ಹೇಳಿಕೊಡಲು ಏನೂ ಇರಲಿಲ್ಲ. ಊಟವಾದ ಮೇಲೆ ಅವಳು ತಾನಾಗಿಯೇ ಎದ್ದು ಬೀಗದ ಕೈ ತಂದಳು. ಇಬ್ಬರೂ ಹೋಗಿ ಆಫೀಸಿನ ಬಾಗಿಲು ತೆಗೆದು, ಕಸ ಗುಡಿಸಿದೆವು.

ಸಂಜೆ ಬಸ್ಸಿನಿಂದ ಓಂಕಾರಪ್ಪನವರಿಗೆ ಫೋನ್ ಮಾಡಿದೆ. ಅದು ಅವರ ನೌಕರಿಯ ಕೊನೆಯ ದಿನವೆಂದು ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಅವರು ಮಗಳ ಊರಿಗೆ ಹೋದರಂತೆ. ನಾನು ಮತ್ತೆ ಕಾಣಲಿಲ್ಲ.

"ಏನಂದ್ರು ಆ ಅಧ್ಯಕ್ಷರು?" ಎಂದು ಕೇಳಿದರು.

"ಸೋಮವಾರ ಸಭೆ ಕರ್ದಾರೆ ಸಾರ್. ನೋಟೀಸು ಅವರೇ ಬರ್ದರು."

ಆ ಕಡೆ ಕುರ್ಚಿ ಸರಿಸಿ ಎದ್ದ ಸದ್ದು ಕೇಳಿಸಿತು.

"ಸರಿ ಹಂಗಾರೆ" ಎಂದರು. "ನಾನಿನ್ನು ಮನೀಗೆ ಹೋಗ್ತೀನಿ ಅಧ್ಯಕ್ಷರೇ."