ಎರೆಯೊಳಗಿನ ಮೂರಡಿ ಗರಸು

೧೯೪೪ರ ಬೇಸಿಗೆ, ನಮ್ಮ ಕಚೇರಿಯ ಕಡತಗಳಲ್ಲಿ ಫಸಲಿ ವರ್ಷ ೧೩೫೩. ನಾನು ರಾಯಚೂರಿನಲ್ಲಿ ಸರ್ಕಾರಿ ಕಟ್ಟಡಗಳ ಓವರ್ಸಿಯರ್ ಆಗಿದ್ದೆ. ಕಟ್ಟಡ ಎಂದ ಕೂಡಲೇ ಕಮಾನು, ಗೋಪುರ ಎಂದುಕೊಳ್ಳಬೇಡಿ. ನನ್ನ ಪಾಲಿಗೆ ಬಂದದ್ದು ಕಟ್ಟಡ ಏಳುವುದಕ್ಕಿಂತ ಮುಂಚಿನ ತಗ್ಗುಗಳು ಮಾತ್ರ. ನೆಲದೊಳಗೆ ಯಾವ ಮಣ್ಣಿದೆ, ಅದು ಎಷ್ಟು ಭಾರ ತಡೆಯುತ್ತದೆ, ಬುನಾದಿ ಎಷ್ಟು ಆಳಕ್ಕೆ ಇಳಿಯಬೇಕು ಎಂದು ಪರೀಕ್ಷಿಸಿ ವರದಿ ಬರೆಯಬೇಕು. ಜನ ನನ್ನನ್ನು ‘ತಗ್ಗಿನ ಸಾಹೇಬ’ ಎನ್ನುತ್ತಿದ್ದರು. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ಬಸ್ ಸ್ಟ್ಯಾಂಡಿನಿಂದ ನಾಲ್ಕನೆಯ ಸಲ ಜಗ್ಗಲು ವಾಪಸು ಬರುವ ನನ್ನಂಥವನಿಗೆ ಹೇಳಿ ಮಾಡಿಸಿದ ಕೆಲಸ. ನೆಲದ ಮೇಲಿನ ಚಿಂತೆಯನ್ನು ನಾನು ಪುಕ್ಕಟೆ ಮಾಡುತ್ತಿದ್ದೆ. ನೆಲದ ಕೆಳಗಿನದಕ್ಕೆ ಸರ್ಕಾರ ಸಂಬಳ ಕೊಡುತ್ತಿತ್ತು.

ನಮ್ಮ ಭಾಗದ ಕಪ್ಪು ಎರೆ ಮಣ್ಣಿನ ಗುಣ ಗೊತ್ತಿದ್ದವರಿಗೆ ಈ ಚಿಂತೆ ಅರ್ಥವಾದೀತು. ಬೇಸಿಗೆಯಲ್ಲಿ ಅದು ಕಲ್ಲಿನಂತೆ ಗಟ್ಟಿ, ಕೈ ಹೋಗುವಷ್ಟು ಬಿರುಕು. ಮಳೆ ಬಿದ್ದರೆ ನಾದಿದ ಹಿಟ್ಟಿನಂತೆ ಉಬ್ಬಿ ಗೋಡೆಯನ್ನು ಮೇಲಕ್ಕೆತ್ತುತ್ತದೆ, ಒಣಗಿದಾಗ ಕೈಬಿಡುತ್ತದೆ. ಅದರ ಕೆಳಗೆ ಎಲ್ಲೋ ಕೆಂಪು ಗರಸು, ಅಂದರೆ ಜಲ್ಲಿ ಬೆರೆತ ಗಟ್ಟಿ ಮಣ್ಣು, ಸಿಗುತ್ತದೆ. ಬುನಾದಿ ಆ ಗರಸಿನ ಮೇಲೆ ಕೂತರೆ ಕಟ್ಟಡ ಬದುಕಿತು.

ಈ ವಿದ್ಯೆಯಲ್ಲಿ ನನ್ನ ಗುರು ಮಾರೆಪ್ಪ. ನೀರಮಾನ್ವಿಯವನು, ತಗ್ಗು ತೋಡುವ ತಂಡದ ಮೇಟಿ, ನನಗಿಂತ ಹದಿನೈದು ವರ್ಷ ದೊಡ್ಡವನು. ಹಿಂದಿನ ವರ್ಷ ಮಾನ್ವಿಯಲ್ಲಿ ಒಂದು ಶಾಲೆಯ ಜಾಗ ನೋಡುವಾಗ ಐದು ಅಡಿಗೇ ಹಾರೆ ಠಣ್ ಎಂದಿತು. ನಾನು ಸಂತೋಷದಿಂದ ‘ಗಟ್ಟಿ ನೆಲ’ ಎಂದು ಬರೆಯಲು ಕೂತೆ. ಮಾರೆಪ್ಪ ಪೆನ್ಸಿಲಿಗೆ ಕೈ ಅಡ್ಡ ಹಿಡಿದ.

“ತಡೀರಿ ಸಾಹೇಬ್ರ. ಸುಣ್ಣಗಲ್ಲಿನ ಪದರ ಅದು, ರೊಟ್ಟಿ ದಪ್ಪ ಅದ. ಎರಡಡಿ ಒಳಗ ಹೋಗಿ ನೋಡ್ರಿ, ಮತ್ತ ಎರೀನೇ ಬರತದ.”

ಬಂತು. ಅಂದು ಅವನು ತಡೆಯದಿದ್ದರೆ ಮಕ್ಕಳ ತಲೆಯ ಮೇಲೆ ಗೋಡೆ ಬರುತ್ತಿತ್ತು. ಗಟ್ಟಿ ಪದರ ಸಿಕ್ಕ ಮೇಲೂ ಎರಡಡಿ ಅಗೆದು ನೋಡಬೇಕೆಂಬ ನಿಯಮ ಪುಸ್ತಕದಲ್ಲೂ ಇತ್ತು. ಆದರೆ ನನಗೆ ಅದನ್ನು ಕಲಿಸಿದವನು ಮಾರೆಪ್ಪ. ಅಂದಿನಿಂದ ಲೋಕದಲ್ಲಿ ನಾನು ಎರಡನೆಯ ಸಲ ಪರೀಕ್ಷಿಸದ ಒಂದೇ ಒಂದು ವಸ್ತುವೆಂದರೆ ಮಾರೆಪ್ಪನ ಮಾತು.

ಆ ಬೇಸಿಗೆಯಲ್ಲಿ ದೇವದುರ್ಗದ ಹೊರಗೆ ಧಾನ್ಯದ ಗೋದಾಮು ಕಟ್ಟುವ ಹುಕುಂ ಬಂತು. ಯುದ್ಧಕಾಲ, ಜೋಳ ಕೂಡಿಡಲು ಜಾಗ ಬೇಕಿತ್ತು. ಎರಡು ಜಾಗಗಳಿದ್ದವು. ಒಂದು ದಾರಿಯ ಪಕ್ಕದ ಎರೆ ಹೊಲ. ಇನ್ನೊಂದು ಅದರಾಚೆಯ ಗರಸು ದಿಬ್ಬ. ದಿಬ್ಬದ ಮೇಲೆ ಕೂಲಿಯವರ ಒಂದಷ್ಟು ಗುಡಿಸಲುಗಳಿದ್ದವು. ನಮ್ಮ ಇಂಜಿನಿಯರ್ ಸಾಹೇಬರು ಲೆಕ್ಕ ಕೊಟ್ಟರು: ಹೊಲದಲ್ಲಿ ಆರು ಅಡಿಯೊಳಗೆ ಗರಸು ಸಿಕ್ಕರೆ ಅಲ್ಲೇ ಗೋದಾಮು, ಸಿಗದಿದ್ದರೆ ದಿಬ್ಬಕ್ಕೆ. ಮೊದಲ ವರದಿಯ ಫಾರಮಿನಲ್ಲಿ ದಿಬ್ಬದ ಮುಂದೆ ‘ಅಡಚಣೆ’ ಎಂಬ ಕಲಮಿತ್ತು. ನಾನು ದಾರಿಯಲ್ಲೇ ನಿಂತು ಗುಡಿಸಲುಗಳನ್ನು ನೋಡಿ ‘ಇಲ್ಲ’ ಎಂದು ತುಂಬಿದೆ. ಆರು ಅಡಿಯ ಲೆಕ್ಕವನ್ನು ಮಾರೆಪ್ಪನಿಗೂ ಹೇಳಿ, ಹೊಲದಲ್ಲಿ ಮೂರು ತಗ್ಗಿಗೆ ಗುರುತು ಹಾಕಿಕೊಟ್ಟು, ಉಪಕರಣ ತರಲು ರಾಯಚೂರಿಗೆ ಹೋದೆ. ಇದ್ದಿಲ ಗ್ಯಾಸಿನ ಬಸ್ಸು ದಾರಿಯಲ್ಲಿ ಕೆಟ್ಟು, ಹೋಗಿ ಬರಲು ಆರು ದಿನ ಹಿಡಿಯಿತು.

ವಾಪಸು ಬಂದಾಗ ಮೂರೂ ತಗ್ಗು ಸಿದ್ಧವಾಗಿದ್ದವು. ತಗ್ಗಿನ ನಡುವೆ ಅಗೆಯದೆ ಉಳಿಸಿದ ಮಣ್ಣಿನ ಕಂಬಕ್ಕೆ ನಮ್ಮವರು ಸಾಕ್ಷಿ ಎನ್ನುತ್ತಾರೆ. ಎಷ್ಟು ಆಳ ಅಗೆದರೆಂದು ಅದನ್ನು ಅಳೆದೇ ತಿಳಿಯುವುದು. ಟೇಪು ಹಿಡಿದೆ, ಐದೂವರೆ ಅಡಿ. ಕೆಳಗೆ ಕೆಂಪು ಗರಸು, ಕುಂಕುಮದ ಬಟ್ಟಲಿನಂತೆ.

“ಎರಡಡಿ ಒಳಗ ನೋಡಿದೇನಪ?” ಎಂದು ಮಾರೆಪ್ಪನನ್ನು ಕೇಳಿದೆ.

“ನೋಡೀನ್ರಿ. ಗರಸ ಅದ,” ಎಂದ, ಸಲಿಕೆಯ ಮಣ್ಣು ಕೆರೆಯುತ್ತ.

ಭಾರದ ಪರೀಕ್ಷೆ ಶುರುಮಾಡಿದೆವು. ಒಂದಡಿ ಚೌಕದ ಉಕ್ಕಿನ ಹಲಗೆಯನ್ನು ತಗ್ಗಿನ ತಳದಲ್ಲಿ ಕೂರಿಸಿ, ಅದರ ಮೇಲೆ ದಪ್ಪ ಮರದ ಕಂಬ ನಿಲ್ಲಿಸಿ, ಕಂಬದ ತಲೆಗೆ ಅಟ್ಟಣಿಗೆ ಕಟ್ಟಿ ಮಣ ತೂಕದ ಮರಳಿನ ಚೀಲ ಒಂದೊಂದಾಗಿ ಏರಿಸುವುದು. ತಳಕ್ಕೆ ಎರಡು ದಿನ ನೀರುಣಿಸಿದ್ದೆ, ಯಾಕೆಂದರೆ ಒಣ ನೆಲ ಯಾವತ್ತೂ ಸುಳ್ಳು ಹೇಳುತ್ತದೆ. ಐವತ್ನಾಲ್ಕು ಚೀಲ ಏರಿದವು, ಸುಮಾರು ಎರಡು ಟನ್. ಹಲಗೆ ಕಾಲು ಇಂಚೂ ಇಳಿಯಲಿಲ್ಲ. ಆ ದಿನ ಊಟ ರುಚಿಸಿತು.

ರಾಯಚೂರಿನಲ್ಲಿ ಇಂಜಿನಿಯರ್ ಸಾಹೇಬರು ವರದಿ ಓದಿ, ಕನ್ನಡಕ ತೆಗೆದು, “ನೀಚೇ ಖೋದ್ ಕೇ ದೇಖಾ?” ಎಂದರು. ಕೆಳಗೆ ಅಗೆದು ನೋಡಿದೆಯಾ ಎಂದು. “ಜೀ ಸಾಬ್,” ಎಂದೆ. ನಾನು ನೋಡಿರಲಿಲ್ಲ. ಮಾರೆಪ್ಪ ನೋಡಿದರೆ ನಾನು ನೋಡಿದ ಹಾಗೇ ಎಂದು ಮನಸ್ಸಿಗೆ ಹೇಳಿಕೊಂಡೆ.

ಒಂದು ತಿಂಗಳ ನಂತರ ಬುನಾದಿಯ ಕಾಲುವೆ ಅಗೆಯುವುದು ನಡೆದಿತ್ತು. ಸಾಹೇಬರು ಖುದ್ದು ಬಂದರು. ಆರಡಿ ಆಳದ ಕಾಲುವೆಯ ತಳ ಉದ್ದಕ್ಕೂ ಕಪ್ಪಗಿತ್ತು. ನನ್ನ ಮೂರು ತಗ್ಗುಗಳಿದ್ದ ಕಡೆ ಮಾತ್ರ ಕೌದಿಗೆ ತೇಪೆ ಹಾಕಿದಂತೆ ಮೂರು ಕೆಂಪು ಚೌಕ. ಒಂದನ್ನು ಅಗೆಸಿದರು. ಐದೂವರೆ ಅಡಿಯಿಂದ ಕೆಳಗೆ ಮೂರಡಿ, ಬುಟ್ಟಿಯಲ್ಲಿ ಹೊತ್ತು ತಂದ ಗರಸು, ದಿಮ್ಮಸು ಹೊಡೆದು ಪದರ ಪದರವಾಗಿ ಕೂರಿಸಿದ್ದು. ನೆಲದ ಸ್ವಂತ ಗರಸು ಸಿಕ್ಕಿದ್ದು ಒಂಬತ್ತು ಅಡಿಗೆ.

ಅಷ್ಟರಲ್ಲಿ ನನಗೆ ಎಲ್ಲ ಹೊಳೆದಿತ್ತು. ಒಂದಡಿ ಹಲಗೆಯ ಭಾರ ಎರಡಡಿ ಇಳಿಯುವಷ್ಟರಲ್ಲಿ ಚದುರಿ ಹೋಗುತ್ತದೆ. ಅದಕ್ಕಿಂತ ಕೆಳಗಿನ ಮಣ್ಣು ಆ ಪರೀಕ್ಷೆಗೆ ಕಾಣುವುದೇ ಇಲ್ಲ. ಮೂರಡಿ ಅಗಲದ ಗೋಡೆಯ ಭಾರವಾದರೆ ಆರಡಿ ಕೆಳಗೂ ಮುಟ್ಟುತ್ತದೆ. ಇದನ್ನು ಮಾನ್ವಿಯಲ್ಲಿ ಬುತ್ತಿ ಬಿಚ್ಚಿ ಕೂತಾಗ ರೊಟ್ಟಿಯ ಮೇಲೆ ಬೆರಳೊತ್ತಿ ಮಾರೆಪ್ಪನಿಗೆ ವಿವರಿಸಿದವನು ನಾನೇ. ಅವನು ಮೂರಡಿ ತುಂಬಿಸಿದ್ದು ಅಂದಾಜಿನಿಂದಲ್ಲ.

“ಯೇ ಕಿಸ್ಕಾ ಕಾಮ್ ಹೈ?” ಎಂದರು ಸಾಹೇಬರು.

ನನ್ನ ಬೆರಳು ನನಗಿಂತ ಮೊದಲು ಎದ್ದಿತು. “ಮಾರೆಪ್ಪನದು,” ಎಂದೆ. ಅಗೆದು ನೋಡದೆ ನೋಡಿದೆನೆಂದ ನನ್ನ ಸುಳ್ಳಿನ ಬಗ್ಗೆ ಬಾಯಿ ಬಿಡಲಿಲ್ಲ. ಮಾರೆಪ್ಪ ನನ್ನತ್ತ ನೋಡಿದ. ‘ಸಾಹೇಬ್ರೂ ನೋಡಲಿಲ್ಲರೀ’ ಎಂದು ಒಂದು ಮಾತು ಅಂದಿದ್ದರೆ ನನ್ನ ನೌಕರಿ ಅಲ್ಲೇ ಮುಗಿಯುತ್ತಿತ್ತು. ಅವನು ಅನ್ನಲಿಲ್ಲ. ಅವನನ್ನು ಕೆಲಸದಿಂದ ತೆಗೆದರು.

ಸಾಹೇಬರ ಮೋಟಾರು ಹೋದ ಮೇಲೆ ಕಾಲುವೆಯ ದಂಡೆಯಲ್ಲಿ ನಾವಿಬ್ಬರೇ ಉಳಿದೆವು. ನಾನೇ ಕೇಳಿದೆ.

“ಮಾನ್ವ್ಯಾಗ ನನ್ನ ಮಾನ ಉಳಿಸಿದವ ನೀ. ಇಲ್ಲಿ ಯಾಕ ಹಿಂಗ ಮಾಡಿದಿ?”

“ದಿಬ್ಬದ ಮ್ಯಾಲ ನಮ್ಮಕ್ಕನ ಮನಿ ಅದರಿ. ಹನ್ನೊಂದು ಮನಿ ಅವ. ಅವರೇ ಗರಸ ಹೊತ್ತಾರ, ಅವರೇ ದಿಮ್ಮಸ ಹೊಡದಾರ.”

“ಕಾಲುವಿ ತೋಡಿದ್ರ ಗೊತ್ತಾಗತದ ಅಂತ ತಿಳೀಲಿಲ್ಲೇನು?”

“ತಿಳೀತ್ರಿ. ಕೆಲಸ ಸುರು ಆದಮ್ಯಾಲ ಯಾರು ಜಾಗಾ ಬಿಡ್ತಾರ, ಇನ್ನ ಮೂರಡಿ ಕೆಳಗ ಇಳಿಸ್ತಾರ ಅಂದ್ಕೊಂಡೆ.”

“ನನಗ ಒಂದು ಮಾತು ಹೇಳಬಾರದಿತ್ತ?”

“ಹೇಳಿದ್ರ ಏನ್ ಮಾಡ್ತಿದ್ರಿ?”

ಉತ್ತರವನ್ನೂ ಅವನೇ ಕೊಟ್ಟ.

“ಚಿಂತಿ ಮಾಡ್ತಿದ್ರಿ. ಮಾಡಿ, ಆಮ್ಯಾಲ ಇದ್ದದ್ದು ಇದ್ದಂಗ ಬರೀತಿದ್ರಿ.” ಹೆಗಲ ಮೇಲಿನ ಟವೆಲ್ ಜಾಡಿಸಿದ. “ನೀವು ಅಗಿಸಿ ನೋಡ್ತೀರಿ ಅಂತ ದಿನಾ ಅಂಜತಿದ್ದೆ. ನೀವು ನೋಡ್ಲಿಲ್ಲ. ನಾ ಅನ್ನಾವ ದೇವರೇನ್ರಿ ನಿಮಗ? ಅಷ್ಟ್ಯಾಕ ನಂಬಿದ್ರಿ?”

ಮೋಸ ಹೋದವನು ನಾನು, ಬೈಸಿಕೊಂಡವನೂ ನಾನೇ. ವರ್ಷಗಟ್ಟಲೆ ಈ ಅನ್ಯಾಯವನ್ನು ಮನಸ್ಸಿನಲ್ಲೇ ವಾದಿಸಿದ್ದೇನೆ. ಒಂದು ಸಲವೂ ಗೆದ್ದಿಲ್ಲ.

ಎರಡನೆಯ ವರದಿಯನ್ನು ನಾನೇ ಬರೆಯಬೇಕಾಯಿತು. ಹೊಲದಲ್ಲೇ ಒಂಬತ್ತು ಅಡಿಗೆ ಬುನಾದಿ ಇಳಿಸಬಹುದು, ಅದು ಒಂದು ದಾರಿ ಎಂದು ಬರೆದೆ. ಮೊದಲ ಫಾರಮಿನಲ್ಲಿ ದಿಬ್ಬದ ಮುಂದಿದ್ದ ‘ಇಲ್ಲ’ ಹೊಡೆದುಹಾಕಿ ‘ಹನ್ನೊಂದು ಮನೆ’ ಎಂದು ತಿದ್ದಿದೆ. ಸಾಹೇಬರ ಮುಂದೆ ನಿಂತು ಮೊದಲ ದಾರಿಯನ್ನು ಒತ್ತಿ ಹೇಳಬೇಕಿತ್ತು. ಆದರೆ ಅವರು ಮತ್ತೆ ‘ಖೋದ್ ಕೇ ದೇಖಾ’ ಎಂದು ಕೇಳಿಬಿಟ್ಟರೆ ಎಂಬ ಚಿಂತೆಯಲ್ಲಿ, ಕಾಗದ ಮೇಜಿನ ಮೇಲಿಟ್ಟು ಹೊರಬಂದೆ. ಅವರು ದಿಬ್ಬಕ್ಕೆ ಸಹಿ ಹಾಕಿದರು.

ದಿಬ್ಬದವರಿಗೆ ಊರಾಚೆ ಎರೆ ನೆಲದಲ್ಲಿ ಜಾಗ ತೋರಿಸಿದ್ದರು. ಪರೀಕ್ಷೆಯ ತಗ್ಗಿಗೆ ಗುರುತು ಹಾಕಲು ಹೊಸ ಆಳುಗಳೊಂದಿಗೆ ನಾನು ಹೋದ ದಿನ ಮನೆಗಳನ್ನು ಬಿಚ್ಚುತ್ತಿದ್ದರು. ಮಾರೆಪ್ಪನ ಅಕ್ಕ ನರಸವ್ವ ಚಪ್ಪರದ ಗಳ ಇಳಿಸುತ್ತಿದ್ದಳು. ನಾನು ಗೂಟ ಊರಿದ ಕಡೆ ನೋಡಿ ಅಲ್ಲಿಂದಲೇ ಕೂಗಿದಳು:

“ಸಾಹೇಬ್ರ, ಅಲ್ಲಿ ಬ್ಯಾಡ್ರಿ! ಅಲ್ಲಿ ನಮ್ಮ ಒಲಿ ಇತ್ತು. ಹತ್ತೊಂಬತ್ತು ವರ್ಷ ಸುಟ್ಟ ನೆಲ ಅದು, ಇಟ್ಟಂಗಿ ಆಗೇದ. ನಿಮ್ಮ ಪರೀಕ್ಷಾ ಸುಳ್ಳ ಆಗತದ. ಸರಕೊಂಡು ತೋಡ್ರಿ.”

ಅಣಕವೋ, ತಮ್ಮ ಮಾಡಿದ್ದಕ್ಕೆ ಪರಿಹಾರವೋ, ನನಗೆ ತಿಳಿಯಲಿಲ್ಲ. ಮಾತು ಮಾತ್ರ ಸರಿಯಿತ್ತು. ಗೂಟ ಕಿತ್ತು ನಾಲ್ಕು ಹೆಜ್ಜೆ ಸರಿಸಿದೆ. ಒಂದು ಅಡಿಗೇ ಗರಸು ಸಿಕ್ಕಿತು. ತಗ್ಗಿಗೆ ನಾನೇ ಇಳಿದು, ನನ್ನ ಕೈಯಿಂದಲೇ ಇನ್ನೂ ಎರಡಡಿ ಅಗೆದು ನೋಡಿದೆ. ಗರಸೇ. ಗೋದಾಮಿನ ಗೋಡೆಗೆ ಇಂದಿಗೂ ಒಂದು ಕೂದಲೆಳೆಯ ಬಿರುಕಿಲ್ಲ.

ಈಗ ನನಗೆ ಐವತ್ತೊಂದು. ನನ್ನ ಕೈಕೆಳಗೆ ಬರುವ ಹೊಸ ಓವರ್ಸಿಯರುಗಳಿಗೆ ಎರಡೇ ಮಾತು ಹೇಳುತ್ತೇನೆ: ತಗ್ಗಿನೊಳಗೆ ನೀವೇ ಇಳಿಯಿರಿ, ಇಳಿಯುವ ಮುಂಚೆ, ಈ ತಗ್ಗು ಸುಳ್ಳಾದರೆ ಯಾರ ಮನೆ ಉಳಿಯುತ್ತದೆ, ನಿಜವಾದರೆ ಯಾರ ಮನೆ ಹೋಗುತ್ತದೆ ಎಂದು ಅಲ್ಲಿಯವರನ್ನು ಕೇಳಿ. ನಾನೂ ಕೇಳುತ್ತೇನೆ, ಅವರು ಹೇಳಿದ ಹೆಸರುಗಳನ್ನು ವರದಿಯ ಕೊನೆಗೆ ಬರೆಯುತ್ತೇನೆ. ಮಣ್ಣಿಗೂ ಇದಕ್ಕೂ ಸಂಬಂಧವಿಲ್ಲವೆಂದು ಮೇಲಿನವರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ಮುಂದಿನ ವರದಿಯಲ್ಲಿ ಮತ್ತೆ ಬರೆಯುತ್ತೇನೆ.