ಹಾಡಿನ ಪಟ್ಟಿಯಲ್ಲಿ ವೈರಾಗ್ಯ

ನನ್ನ ಮೊಮ್ಮಗಳಿಗೆ ನಿಶ್ಚಯವಾಗಿದ್ದ ವರನ ತಾಯಿ ಒಂದು ಮುಂಜಾನೆ ಮಾನ್ವಿಯಿಂದ ರಾಯಚೂರಿನ ನಮ್ಮ ಮನೆಗೆ ಬಂದರು. ಮೊದಲೇ ತಿಳಿಸಿರಲಿಲ್ಲ. ಸೊಸೆ ಕೊಟ್ಟ ನೀರಿನ ಲೋಟವನ್ನು ಕೈಯಲ್ಲಿ ಹಿಡಿದುಕೊಂಡರೇ ಹೊರತು ತುಟಿಗೆ ತಾಗಿಸಲಿಲ್ಲ. ನಾನು ಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದೆ.

“ಸುತ್ತಿ ಬಳಸಿ ಮಾತಾಡಾಕ ನನಗ ಬರಂಗಿಲ್ರೀ. ನಿಮ್ಮ ಹುಡುಗಿಗೆ ಮದಿವಿ ಮನಸ್ಸದನೋ ಇಲ್ಲೋ?” ಎಂದು ಆಕೆ ಸೊಸೆಯನ್ನು ಕೇಳಿದರು.

“ಹಂಗ್ಯಾಕಂತೀರಿ ಬೀಗತೆವ್ವಾರ? ಬಿ.ಎಡ್. ಪರೀಕ್ಷಿ ನಡದಾವ. ತಲಿ ಎತ್ತದಂಗ ಓದಾಕತ್ಯಾಳ, ಅಷ್ಟ.”

“ಓದಾಕತ್ಯಾಳೋ, ಕಾವಿ ಉಡಾಕತ್ಯಾಳೋ? ಬೆಳಗಾದ್ರ ನಮ್ಮ ಹುಡುಗಗ ಸಾವಿನ ಪದ ಕಳಸ್ತಾಳ. ಹೆಂಡ್ತಿ ಸುಳ್ಳು, ಮಕ್ಕಳು ಸುಳ್ಳು, ಕಟ್ಟಿದ ಮನಿ ಮಣ್ಣು ಅಂತ. ಅವ ರೊಟ್ಟಿ ಬಿಟ್ಟು ಕುಂತಾನ. ಹುಡುಗಿಗೆ ಒಲ್ಲೆ ಅನ್ನೋದಿದ್ರ ಈಗ ಅನ್ರಿ, ಚಪ್ಪರ ಹಾಕಿದ ಮ್ಯಾಲೆ ಬ್ಯಾಡ.”

ಈ ಮಾತನ್ನು ಕೇಳಿದಾಗ ನನ್ನಲ್ಲಿ ಮೊದಲು ಹುಟ್ಟಿದ್ದು ಗಾಬರಿಯಲ್ಲ, ಸಂತೋಷ. ಇದನ್ನು ಮುಚ್ಚಿಡುವುದೇಕೆ? ಸಿನಿಮಾ ಹಾಡಲ್ಲದೆ ಬೇರೇನನ್ನೂ ಕಿವಿಗೆ ಹಾಕಿಕೊಳ್ಳದ ನನ್ನ ಮೊಮ್ಮಗಳು ತತ್ತ್ವಪದಗಳನ್ನು ಕೇಳತೊಡಗಿದಳೆ, ಅದೂ ಇನ್ನೊಬ್ಬರಿಗೆ ಕೇಳಿಸುವಷ್ಟು ಶ್ರದ್ಧೆಯಿಂದ? ಗುರುಕೃಪೆ ಯಾವ ಬಾಗಿಲಿಂದ ಬಂದೀತೆಂದು ಹೇಳಲಾಗದು ಎಂದುಕೊಂಡೆ. ಆಮೇಲೆ ಸೊಸೆಯ ಮುಖ ನೋಡಿದೆ. ಅದು ಬಿಳಿಚಿಕೊಂಡಿತ್ತು. ಆಗ ನನ್ನ ಸಂತೋಷ ಅಲ್ಲಿಯೇ ನಿಂತಿತು.

ಹಿಂದಿನದನ್ನು ಸ್ವಲ್ಪ ಹೇಳಬೇಕು. ನಮ್ಮ ತಂದೆಯವರು ಕಲ್ಲೂರಿನವರು. ಹಗಲು ಮಣ್ಣು ಹೊತ್ತು, ಸಂಜೆ ಭಜನೆಯಲ್ಲಿ ಏಕತಾರಿ ಹಿಡಿಯುತ್ತಿದ್ದರು. ನನ್ನನ್ನು ಮಠದ ಪಾಠಶಾಲೆಗೆ ಸೇರಿಸಿದವರು ಅವರೇ. ಅಲ್ಲಿ ಸಂಸ್ಕೃತ ಕಲಿತೆ, ಶಾಸ್ತ್ರಗಳನ್ನು ಸ್ವಲ್ಪಮಟ್ಟಿಗೆ ಓದಿದೆ, ಮುಂದೆ ರಾಯಚೂರಿನ ಪ್ರೌಢಶಾಲೆಯೊಂದರಲ್ಲಿ ಅದನ್ನೇ ಕಲಿಸಿ ನಿವೃತ್ತನಾದೆ. ನಮ್ಮ ಗುರುಗಳು ಎರಡು ಸಂಗತಿಗಳನ್ನು ಬಿಡದೆ ಹೇಳುತ್ತಿದ್ದರು. ಕೇಳಿದ ಪದವನ್ನು ಇಟ್ಟುಕೊಳ್ಳದೆ ಏಳಬಾರದು, ಎಂದರೆ ನೆನಪಿನಲ್ಲಿ ನೆಲೆಗೊಳಿಸದೆ ಆಸನ ಬಿಡಬಾರದು. ಮತ್ತೊಂದು, ಎದುರಿನವನು ಸಿದ್ಧಾಂತವನ್ನು ಮುಂದಿಟ್ಟರೆ ಸುಮ್ಮನೆ ಹೌದೆನ್ನದೆ ಪೂರ್ವಪಕ್ಷವನ್ನು ಹೂಡಿ, ಅವನ ಮಾತಿನ ಗಟ್ಟಿತನವನ್ನು ಪರೀಕ್ಷಿಸಬೇಕು. ಈ ಎರಡು ಅಭ್ಯಾಸಗಳೂ ನನ್ನಲ್ಲಿ ಇಂದಿಗೂ ಉಳಿದಿವೆ. ಸ್ಮರಣಶಕ್ತಿ ಮಾತ್ರ ಮೊದಲಿನಂತಿಲ್ಲ.

ಮೊಮ್ಮಗಳು ಹೊಸ ಫೋನು ಕೊಂಡಾಗ ಹಳೆಯದನ್ನು ನನಗೆ ಕೊಟ್ಟಳು. ಅದರಲ್ಲಿ ಅವಳದೇ ಹಾಡಿನ ಆ್ಯಪ್, ಅವಳದೇ ಖಾತೆ. ಇಂಥವು ಹತ್ತಾರು ಇವೆಯಂತೆ. ಹಾಗಾದರೆ ಇದನ್ನೇ ಏಕೆ ಆರಿಸಿದೆ ಎಂದು ಕೇಳಿದ್ದೆ. ಇದರಲ್ಲಿ ಧ್ವನಿ ಶುದ್ಧವಾಗಿರಬಹುದು, ಅಥವಾ ಒಳ್ಳೆಯ ಗಾಯಕರಿರಬಹುದು ಎಂಬುದು ನನ್ನ ಊಹೆ.

“ನಮ್ಮ ಗೆಳತ್ಯಾರೆಲ್ಲಾ ಇದ್ರಾಗ ಅದಾರ ತಾತಾ,” ಎಂದಳು. “ನಾ ಒಬ್ಬಾಕಿ ಬ್ಯಾರೆದ್ರಾಗ ಇದ್ರ, ಅವ್ರು ಕಳಿಸಿದ ಹಾಡು ನನಗ ತೆರಿಯಂಗಿಲ್ಲ. ಮತ್ತ ಫುಕಟ್ ಇದ್ದದ್ರಾಗ ನಡುನಡುಕ ಜಾಹೀರಾತು. ದುಃಖದ ಹಾಡು ಕೇಳುವಾಗ ಸೋಪಿನ ಪುಡಿದು ಬಂದ್ರ ಹ್ಯಾಂಗ? ಅದಕ್ಕ ಎಲ್ಲಾರೂ ಕೂಡಿ ರೊಕ್ಕ ಹಾಕಿ ಇದನ್ನ ತಗೊಂಡೀವಿ.”

“ಅವನು?” ಎಂದು ವರನ ಬಗ್ಗೆ ಕೇಳಿದೆ.

“ಅವ್ರು ವಿಡಿಯೋದಾಗ ಕೇಳ್ತಿದ್ರು. ಡೊಳ್ಳಿನ ಪದ, ಭಜನಿ, ನಮ್ಮ ಕಡಿ ಹುಡುಗ್ರು ಹಾಡಿದ್ದು ಎಲ್ಲಾ ಅಲ್ಲೇ ಸಿಗ್ತಾವಂತ ಹಟ ಹಿಡಿದಿದ್ರು. ನಾನೇ ಇದಕ್ಕ ಎಳಕೊಂಡು ಬಂದೆ.”

ನಮ್ಮ ಕಾಲದಲ್ಲಿ ಗೋತ್ರ, ನಕ್ಷತ್ರಗಳು ಕೂಡಿಬರಬೇಕಿತ್ತು. ಇವರಲ್ಲಿ ಯಾರು ಯಾರ ಆ್ಯಪಿಗೆ ಬರುವರೆಂಬುದೇ ಮೊದಲ ಮಾತುಕತೆಯಾಗಿತ್ತೆಂದು ತೋರುತ್ತದೆ. ನಾನು ಹೆಚ್ಚು ಕೇಳಲಿಲ್ಲ. ಪದವನ್ನು ಹುಡುಕುವುದು ಹೇಗೆಂದು ಅವಳು ತೋರಿಸಿಕೊಟ್ಟಳು. “ಇಟ್ಕೊಳ್ಳೋದಿದ್ರ ಈ ಕೂಡಿಸೋ ಗುರುತು ಒತ್ತರಿ. ನೀವು ಏನು ಕೇಳ್ತೀರಿ ನೋಡ್ಕೊಂಡು, ಅದೇ ನಿಮ್ಮ ರುಚಿಗಿ ತಕ್ಕಂಗ ಮುಂದಿನ ಹಾಡು ಕೊಡ್ತದ,” ಎಂದಳು.

ಅವಳ ಪರೀಕ್ಷೆಗಳು ಹತ್ತಿರ ಬಂದಾಗ ತನ್ನ ಫೋನಿನಿಂದ ಆ ಆ್ಯಪನ್ನೇ ತೆಗೆದುಹಾಕಿದಳು. ವರನಿಗೂ ಪರೀಕ್ಷೆ ಮುಗಿಯುವವರೆಗೆ ಫೋನು ಮಾಡಬಾರದೆಂದು ಹೇಳಿದ್ದಳು. ನನ್ನ ಕೈಯಲ್ಲಿದ್ದ ಹಳೆಯ ಫೋನಿನ ನೆನಪು ಅವಳಿಗಿರಲಿಲ್ಲ.

ನಾನು ದಿನವೂ ಸ್ನಾನ ಮಾಡಿ, ವಿಭೂತಿ ಧರಿಸಿ, ಫೋನನ್ನು ವ್ಯಾಸಪೀಠದ ಮೇಲಿಟ್ಟು ಪದ ಕೇಳುತ್ತಿದ್ದೆ. ಪದ ಮುಗಿದಾಗ ಕೈಮುಗಿದು ಆ ಗುರುತನ್ನು ಒತ್ತುತ್ತಿದ್ದೆ. ಕೇಳಿದ ಪದವನ್ನು ಇಟ್ಟುಕೊಳ್ಳಲು ನನಗೆ ತಿಳಿದಿದ್ದ ದಾರಿ ಅದೊಂದೇ. ಅದು ಹೋಗಿ ಒಂದು ಪಟ್ಟಿಯಲ್ಲಿ ಕೂರುತ್ತಿತ್ತು. ಪಟ್ಟಿಯ ಮೊದಲಿಗೆ ಒಂದಷ್ಟು ಪ್ರೇಮಗೀತೆಗಳಿದ್ದವು. ಅವು ಮೊಮ್ಮಗಳವೆಂದು ತಿಳಿದು, ಪರರ ಕೋಣೆಯ ಮುಂದೆ ಹಾಯುವವನಂತೆ ಕಣ್ಣು ತಗ್ಗಿಸಿ ಮುಂದೆ ಹೋಗುತ್ತಿದ್ದೆ.

ಕೆಲವು ದಿನಗಳಲ್ಲಿ ಒಂದು ವಿಚಿತ್ರ ನಡೆಯತೊಡಗಿತು. ನಾನು ಇಟ್ಟ ಪದದ ಕೆಳಗೆ ಮರುದಿನ ಇನ್ನೊಂದು ಹಾಡು ಬಂದಿರುತ್ತಿತ್ತು. ಮೊದಮೊದಲು ಅಗಲಿಕೆಯ ಸಿನಿಮಾ ಹಾಡುಗಳು ಬಂದವು. ಅವನ್ನು ನಾನು ಲೆಕ್ಕಿಸಲಿಲ್ಲ. ಒಂದು ದಿನ ದೇಹವನ್ನು ನಂಬಬೇಡವೆಂಬ ಪದವನ್ನು ಇಟ್ಟೆ. ಮರುದಿನ ಅದರ ಕೆಳಗೆ, ದೇಹವಿಲ್ಲದೆ ಸೇವೆಯಿಲ್ಲ ಎಂಬರ್ಥದ ಭಜನೆ ಇತ್ತು! ನಾನು ಬೆರಗಾದೆ. ರುಚಿಗೆ ತಕ್ಕಂತೆ ಕೊಡುತ್ತದೆ ಎಂದು ಮೊಮ್ಮಗಳು ಹೇಳಿದ್ದಳಲ್ಲ, ಅದು ಇದೇ ಎಂದುಕೊಂಡೆ. ಆದರೆ ಇದು ಬರಿಯ ರುಚಿಯಲ್ಲ, ಉತ್ತರ. ಈ ಯಂತ್ರವನ್ನು ಮಾಡಿದವರಲ್ಲಿ ಶಾಸ್ತ್ರ ಬಲ್ಲವನೊಬ್ಬನು ಇರಲೇಬೇಕು ಎನ್ನಿಸಿತು.

ಉತ್ತರ ಬಂದಮೇಲೆ ಸುಮ್ಮನಿರುವುದು ಹೇಗೆ? ಬಂಧುಗಳು ಹೊಸ್ತಿಲವರೆಗೆ ಮಾತ್ರ ಬರುವರೆಂಬ ಪದವನ್ನು ಇಟ್ಟೆ. ಮರುದಿನ, ಕೈಹಿಡಿದವಳೇ ದಾರಿಯ ದೀಪ ಎಂಬರ್ಥದ್ದು ಬಂತು. ಗೃಹಸ್ಥಾಶ್ರಮವು ಬಂಧನವೆಂದು ನಾನು ಹೂಡಿದರೆ, ಗೃಹಸ್ಥನ ಅನ್ನವನ್ನುಂಡೇ ಸನ್ಯಾಸಿ ಬದುಕುವನೆಂದು ಅದು ಸಾಧಿಸಿತು. ನಾನೇನೂ ಗೃಹಸ್ಥಧರ್ಮದ ವಿರೋಧಿಯಲ್ಲ, ಮಕ್ಕಳು ಮೊಮ್ಮಕ್ಕಳನ್ನು ಕಂಡವನು. ಆದರೂ ವಾದದ ಸುಖವೇ ಬೇರೆ. ಸಹಪಾಠಿಗಳು ಒಬ್ಬೊಬ್ಬರಾಗಿ ಹೋದಮೇಲೆ ನನಗೆ ಪ್ರತಿವಾದಿಯೇ ಇರಲಿಲ್ಲ. ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಅಂದು ಬೀಗತಿಯ ಮಾತು ಕೇಳಿ ಕುಳಿತಾಗಲೂ ಇದೆಲ್ಲ ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳಲಿಲ್ಲ. ಮಧ್ಯಾಹ್ನ ಮೊಮ್ಮಗಳು ಪರೀಕ್ಷೆ ಬರೆದು ಬಂದಳು. ಭಾವೀ ಅತ್ತೆ ಪಡಸಾಲೆಯಲ್ಲಿ ಕುಳಿತದ್ದನ್ನು ಕಂಡು ದುಪಟ್ಟಾ ಸರಿಮಾಡಿಕೊಂಡಳು.

“ನಾ ಯಾವ ಪದ ಕಳಿಸೀನ್ರೀ? ನನ್ನ ಫೋನಿನಾಗ ಆ್ಯಪ್ಪೇ ಇಲ್ಲ,” ಎಂದಳು. ನಿಧಾನವಾಗಿ ನನ್ನ ಕಡೆಗೆ ತಿರುಗಿದಳು. “ತಾತಾ, ಆ ಹಳೀ ಫೋನ್ ಕೊಡ್ರಿ.”

ಪಟ್ಟಿಯನ್ನು ತೆರೆದು, ಪ್ರತಿ ಹಾಡಿನ ಪಕ್ಕದಲ್ಲಿದ್ದ, ಕನ್ನಡಕಕ್ಕೂ ಸಿಗದಷ್ಟು ಚಿಕ್ಕ ಗುಂಡು ಚಿತ್ರಗಳನ್ನು ತೋರಿಸಿದಳು. ಒಂದರಲ್ಲಿ ಅವಳ ಮುಖ, ಇನ್ನೊಂದರಲ್ಲಿ ವರನ ಮುಖ. ಅದು ಅವರಿಬ್ಬರ ಜಂಟಿ ಪಟ್ಟಿ. ನಾನು ಇಟ್ಟ ಪದಗಳೆಲ್ಲ ಅವಳ ಮುಖ ಹೊತ್ತು ಅವನನ್ನು ಸೇರಿದ್ದವು. ನನಗೆ ಉತ್ತರ ಕೊಟ್ಟದ್ದು ಯಂತ್ರವಲ್ಲ, ಆ ಹುಡುಗ.

“ಅಯ್ಯ ಶಿವನ! ನಮ್ಮ ಹುಡುಗ ಅಜ್ಜಾರ ಜೋಡಿ ಜಗಳಾಡ್ಯಾನೇನು?” ಎಂದು ಬೀಗತಿ ನಕ್ಕರು. ಸೊಸೆಯೂ ನಕ್ಕಳು. ಮೊಮ್ಮಗಳು ಎಲ್ಲರಿಗಿಂತ ಹೆಚ್ಚು ನಕ್ಕಳು. ಸಂದೇಹ ತೀರಿತು, ಸಂಬಂಧ ಉಳಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ. ಬೀಗತಿ ಊಟ ಮಾಡಿ ಸಂತೃಪ್ತರಾಗಿ ಮಾನ್ವಿಯ ಬಸ್ಸು ಹತ್ತಿದರು.

ಅವರು ಹೋದಮೇಲೆ ಮೊಮ್ಮಗಳ ಮುಖ ಬಿಗಿಯಿತು.

“ಹುಡುಗಗ ಒಂದು ಫೋನ್ ಮಾಡಿ ಹೇಳಿಬಿಡವ್ವಾ,” ಎಂದೆ.

“ಯಾಕ ಮಾಡ್ಲಿ? ಪದ ಯಾರರ ಹಾಕ್ಲಿ ತಾತಾ, ಅದು ಬ್ಯಾರೆ ಮಾತು. ನನ್ನ ಮನಸ್ಸಿನಾಗ ಏನದ ಅಂತ ನನ್ನ ಕೇಳಬೇಕೋ, ಅವ್ವನ್ನ ಕಳಸಬೇಕೋ? ನಾಳಿ ಸಂಸಾರದಾಗೂ ಎಲ್ಲಾದಕ್ಕೂ ಅವ್ವನ್ನೇ ಕಳಿಸಿದ್ರ? ನಾ ವಿಚಾರ ಮಾಡಬೇಕು.”

ತಪ್ಪು ಎಲ್ಲಿತ್ತೆಂದು ಕಂಡುಹಿಡಿದ ಮೇಲೆ ಫಲವೂ ಸರಿಹೋಗಬೇಕಲ್ಲವೆ? ತರ್ಕ ಹಾಗೆ ಹೇಳುತ್ತದೆ. ಇಲ್ಲಿ ಕಾರಣ ನಿವಾರಣೆಯಾಗಿತ್ತು, ಆದರೆ ಕಾರ್ಯ ಹಾಗೆಯೇ ಉಳಿದಿತ್ತು. ಮದುವೆ ಈಗ ನಿಜವಾಗಿಯೂ ತೂಗಾಡುತ್ತಿತ್ತು.

ಮರುದಿನ ನಾನು ಯಾರಿಗೂ ಹೇಳದೆ ದೇವದುರ್ಗದ ಬಸ್ಸು ಹತ್ತಿದೆ. ಹುಡುಗ ಅರಕೇರಾದ ಶಾಲೆಯಲ್ಲಿ ಮಾಸ್ತರ, ವಾಸ ದೇವದುರ್ಗದಲ್ಲಿ. ಬಸ್ಸಿನಲ್ಲಿ ಬಹುತೇಕ ಎಳೆಯರ ಕಿವಿಯಲ್ಲೂ ಏನೋ ಇತ್ತು. ಪಕ್ಕದ ಯುವಕನೊಬ್ಬ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಅವನು ಕೇಳುತ್ತಿರುವುದು ಯಾರು ಇಟ್ಟ ಹಾಡು, ಯಾರಿಗೆ ಕೊಟ್ಟ ಉತ್ತರ ಎಂಬ ಯೋಚನೆ ಬಂದು ನನಗೆ ಅವನ ಕಡೆ ನೋಡುವುದಕ್ಕೇ ಸಂಕೋಚವಾಯಿತು.

ಶಾಲೆ ಬಿಟ್ಟು ಬಂದ ಹುಡುಗ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ನನ್ನ ಮಾತನ್ನೆಲ್ಲ ಕೇಳಿದ. ಕೇಳುತ್ತ ಕೇಳುತ್ತ ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

“ಅವೆಲ್ಲಾ ನೀವು ಹಾಕಿದ್ರೇನ್ರೀ ಅಜ್ಜಾರ? ಸಾಲಿ ಬಿಟ್ಟ ಮ್ಯಾಲೆ ಭಜನಿ ಹಿರ್ಯಾರ ಮನಿಗಿ ಹೋಗಿ ಕೇಳಿ ಕೇಳಿ ಉತ್ತರ ಹುಡುಕೀನ್ರೀ! ಅವ್ರು ಅಂತಿದ್ರು, ಮಾಸ್ತರ, ನಿಮ್ಮ ಹುಡುಗಿ ಭಾಳ ಪಂಡಿತಳದಾಳ, ಹುಷಾರಿ ಅಂತ.”

“ಗೃಹಸ್ಥನ ಅನ್ನದ ಪದ ಹಾಕಿದ್ಯೆಲ್ಲ, ಅದು ಭಾಳ ಸಮರ್ಥ ಉತ್ತರ,” ಎಂದೆ ನಾನು.

“ಅದಿರ್ಲಿರೀ. ಆಕಿ ಏನಂದ್ಳು?”

ಹೇಳಿದೆ. ಅವನ ಮುಖ ಸಣ್ಣದಾಯಿತು. “ನಾ ಅವ್ವನ್ನ ಕಳಿಸಿಲ್ರೀ. ನಾ ಐತವಾರ ಮಾನ್ವಿಗೆ ಹೋದಾಗ ನನ್ನ ಫೋನಿನಾಗ ಆ ಪದ ಕೇಳಿ ಅಂಜಿ ತಾನೇ ಹೋಗ್ಯಾಳ. ಪರೀಕ್ಷಿ ಮುಗಿಯೋತನ ಫೋನ್ ಮಾಡಬ್ಯಾಡ ಅಂತ ಆಕಿನೇ ಮಾತು ತಗೊಂಡಾಳ. ಮಾತು ಮುರದ್ರೂ ಸಿಟ್ಟು, ಮುರೀದಿದ್ರೂ ಸಿಟ್ಟು. ನಾ ಏನು ಮಾಡ್ಲಿ?”

ಇದಕ್ಕೆ ನಾನು ಓದಿದ ಯಾವ ಗ್ರಂಥದಲ್ಲಿಯೂ ಪರಿಹಾರ ನೆನಪಾಗಲಿಲ್ಲ. “ಕಡೀ ಪರೀಕ್ಷಿ ಮುಗಿದ ದಿನ ನೀನೇ ಬಾರಪ್ಪಾ,” ಎಂದಷ್ಟೇ ಹೇಳಿದೆ.

ಬಂದ. ಮೊಮ್ಮಗಳು ಎದುರಿನ ಕುರ್ಚಿಯಲ್ಲಿ ಪರೀಕ್ಷಕಳಂತೆ ಕುಳಿತಳು. ತಾಯಿಯ ವಿಷಯವನ್ನು ಅವನು ವಿವರಿಸಿದ. ಅವಳು ತಲೆದೂಗಿದಳು. ಮುಗಿಯಿತೆಂದು ನಾನು ಏಳಬೇಕೆನ್ನುವಷ್ಟರಲ್ಲಿ ಅವಳು ಕೇಳಿದಳು:

“ಅಷ್ಟು ದಿನ ಆ ಪದ ಹಾಕಾಕಿ ನಾನಂತ ತಿಳಿದಿದ್ರೆಲ್ಲ, ಆಕಿ ಮ್ಯಾಲೆ ಸಿಟ್ಟು ಬರ್ಲಿಲ್ಲೇನು?”

“ಅಂಜಿಕಿ ಬಂತು, ಸಿಟ್ಟು ಬರ್ಲಿಲ್ಲ. ಖರೇ ಹೇಳ್ಲೇನು? ಆಕಿ ಜೋಡಿ ವಾದ ಹಾಕೋದು ಛಲೋ ಅನಸ್ತಿತ್ತು.”

“ಹಂಗಾರ ತಾತನ್ನ ಮದಿವಿ ಆಗ್ರಿ.”

ಒಳಗೆ ಒಗ್ಗರಣೆಗೆ ಮಂಡಕ್ಕಿ ನೆನೆಸುತ್ತಿದ್ದ ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೆ ಮೊಮ್ಮಗಳು ನಗಲಿಲ್ಲ. ಅವಳ ಧ್ವನಿ ಇಳಿದಿತ್ತು.

“ಆಕಿ ನಾನಲ್ಲ. ನಾ ಬಸ್ಸಿನಾಗ ಒಂದು ನಮೂನಿ ಹಾಡು ಕೇಳ್ತೀನಿ, ಅರಿವಿ ಒಗಿಯುವಾಗ ಇನ್ನೊಂದು. ಒಮ್ಮೊಮ್ಮೆ ಹಾಡು ಹಚ್ಚಿರ್ತೀನಿ, ಕೇಳಾಕತ್ತಿರಂಗೇ ಇಲ್ಲ. ಮನಿಯಾಗ ಯಾರೋ ಅದಾರ ಅನ್ನಂಗ ಇದ್ರ ಸಾಕು. ಅದ್ರಾಗ ತತ್ತ್ವ ಗಿತ್ತ್ವ ಏನೂ ಇರಂಗಿಲ್ಲ. ನಡಿತದೇನು?”

ಹಾಡು ಹಚ್ಚಿ ಕೇಳದೆ ಇರುವುದು! ಶ್ರವಣವೇ ಮೊದಲ ಭಕ್ತಿಯೆಂದು ಬೆಳೆದ ನನಗೆ ಆ ಮಾತು ತಲೆಯೊಳಗೆ ಇಳಿಯಲೇ ಇಲ್ಲ. ಅವಳು ಇಲ್ಲಿಯವರೆಗೆ ಕಿವಿಗೆ ಸಿಕ್ಕಿಸಿಕೊಂಡು ತಿರುಗಿದ್ದೆಲ್ಲ ಏನಾಗಿತ್ತು? ಕೇಳಬೇಕೆಂದು ಬಾಯಿ ತೆರೆದೆ. ಅವನೂ ನನ್ನಂತೆ ಗೊಂದಲಗೊಂಡಿರುವನೆಂದು ನೋಡಿದರೆ, ಅವನು ಬಹಳ ಸಾಮಾನ್ಯ ಮಾತೊಂದನ್ನು ಕೇಳಿದವನಂತೆ ಕುಳಿತಿದ್ದ.

“ನಡಿತದ,” ಎಂದ. “ನಾ ಮೊದಲಿಗೆ ಹಾಕಿದ್ದು ಕೇಳಿದ್ಯೇನು? ತಾತ ಬರೋದ್ರಕಿಂತ ಮೊದಲಿನವು?”

“ಇಲ್ಲ. ಪರೀಕ್ಷಿ ಆದ ಮ್ಯಾಲೆ ಕೇಳ್ತೀನಂತ ಬಿಟ್ಟಿದ್ದೆ.”

ಅವನು ತನ್ನ ಫೋನು ತೆಗೆದ. ಕಿವಿಗೆ ಸಿಕ್ಕಿಸುವ ಗುಂಡಿಗಳಲ್ಲಿ ಒಂದನ್ನು ಅವಳಿಗೆ ಕೊಟ್ಟು, ಇನ್ನೊಂದನ್ನು ತಾನು ಇಟ್ಟುಕೊಂಡ. ಒಂದೇ ಹಾಡು ಎರಡು ತುಂಡಾಗಿ ಇಬ್ಬರ ಕಿವಿಗೆ ಹೋಗುತ್ತಿತ್ತು. ಪಡಸಾಲೆಯಲ್ಲಿ ಮಾತ್ರ ನಿಶ್ಶಬ್ದ. ಅವಳು ಒಂದು ಸಲ ತುಟಿ ಕಚ್ಚಿದಳು, ಒಂದು ಸಲ ಅವನ ಭುಜಕ್ಕೆ ಗುದ್ದಿದಳು. ಯಾವ ಚರಣಕ್ಕೆ ಯಾವುದು ಎಂದು ನನಗೆ ತಿಳಿಯುವಂತಿರಲಿಲ್ಲ. ಸೊಸೆ ತಂದಿಟ್ಟ ಮಂಡಕ್ಕಿ ಒಗ್ಗರಣೆ ತಟ್ಟೆಯಲ್ಲೇ ತಣ್ಣಗಾಯಿತು. ಹೊತ್ತು ಇಳಿದಮೇಲೆ ಅವನು ಎದ್ದು, ನನ್ನ ಪಾದ ಮುಟ್ಟಿ, ಬಸ್ಸಿಗೆ ಹೊರಟ.

“ಏನು ತೀರ್ಮಾನ ಆತವ್ವಾ?” ಎಂದು ಮೊಮ್ಮಗಳನ್ನು ಕೇಳಿದೆ.

“ಇಬ್ರೂ ಬ್ಯಾರೆ ಆ್ಯಪಿಗೆ ಹೋಗ್ತೀವಿ ತಾತಾ. ಇದು ಪೂರಾ ನಿಮ್ಮ ರುಚಿ ಹಿಡದುಬಿಟ್ಟದ. ನೀವೇ ಇಟ್ಕೊಳ್ರಿ.”

“ಅಲ್ಲವ್ವಾ, ನಾ ಕೇಳಿದ್ದು ಮದುವಿ ಮಾತು.”

“ಅದನ್ನ ಹೇಳಿದ್ನೆಲ್ಲ!” ಎಂದು ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಅವಳ ಮಾತನ್ನು ಪದಪದವಾಗಿ ಬಿಡಿಸಿ ನೋಡಿದೆ. ಮದುವೆಯೆಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆಯನ್ನು ಕೇಳಿದೆ, ಈ ಹುಡುಗಿ ಒಪ್ಪಿದಳೆಂದು ತಿಳಿಯಬೇಕೋ, ಇಲ್ಲವೆಂದು ತಿಳಿಯಬೇಕೋ ಎಂದು.

“ಇಬ್ರೂ ಅಂದಾಳಲ್ರೀ ಮಾವಾರ,” ಎಂದಳು ಸೊಸೆ, ತಣ್ಣಗಾದ ಒಗ್ಗರಣೆಯನ್ನು ಮತ್ತೆ ಒಲೆಗೆ ಇಡುತ್ತ. “ಇನ್ನೇನು ಅನಬೇಕು?”